ಬೆನ್ನಪ್ಪನ ನೆತ್ತಿ

"ಕ್ರೇನ್ ಮೇಲಿಂದ ಇಳಿದು ಬರತ್ತೆ, ಮಳೆಯೂ ಇರತ್ತೆ," ಎಂದು ಸಹಾಯಕ ನಿರ್ದೇಶಕ ಹೇಳಿ ಹೋದ ಮೇಲೆ ಬೆನ್ನಪ್ಪ ಮೇಕಪ್ ಕುರ್ಚಿಯಲ್ಲೇ ಕೂತುಬಿಟ್ಟ. ನಿನ್ನೆ ಸಂಜೆ ಕೈಗಿತ್ತ ಹಾಳೆಯಲ್ಲಿ ಬೇರೆಯೇ ಬರೆದಿತ್ತು. ಕೋಟೆಯ ಮೆಟ್ಟಿಲು, ನಾಯಕನ ಬೆನ್ನು, ಕ್ಯಾಮೆರಾ ಭುಜದ ಮಟ್ಟದಲ್ಲಿ, ಬಿಸಿಲು. ಭುಜದ ಮಟ್ಟವಾಗಿದ್ದರೆ ಯಾವ ಭಯವೂ ಇರಲಿಲ್ಲ. ಈಗ ನೋಡಿದರೆ ಕ್ಯಾಮೆರಾ ಎಪ್ಪತ್ತು ಅಡಿ ಎತ್ತರದಿಂದ ಇಳಿದು ಸರಿಯಾಗಿ ಅವನ ನೆತ್ತಿಯ ಮೇಲೆ ಬಂದು ನಿಲ್ಲುತ್ತದಂತೆ. ನಿರ್ದೇಶಕರಿಗೆ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತಂತೆ.

ಹಲ್ಲುಜ್ಜುವಾಗ ಹೊಳೆದ ಇಂಥ ವಿಚಾರಗಳಿಂದಲೇ ಈ ಚಿತ್ರ ಮೂರು ವರ್ಷ ಎಳೆದಿತ್ತು. ಒಂದು ಭಾಗದ ಕಥೆ ಎರಡು ಭಾಗವಾಯಿತು. ಐವತ್ತು ಕುದುರೆ ಸಾಕು ಎಂದಿದ್ದವರು ಇನ್ನೂರು ಬೇಕು ಎಂದರು. ಕೋಟೆಯನ್ನು ಒಮ್ಮೆ ಕಟ್ಟಿ, ಕಲ್ಲಿನ ಬಣ್ಣ ಕಲ್ಲಿನ ಹಾಗಿಲ್ಲವೆಂದು ಕೆಡವಿ, ಮತ್ತೆ ಕಟ್ಟಿದರು. ಒಟ್ಟು ಖರ್ಚು ಎಷ್ಟೆಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಇಲ್ಲಿನ ಒಂದು ದಿನದ ಖರ್ಚಿನಲ್ಲಿ ಬೆನ್ನಪ್ಪ ವಾಸವಾಗಿರುವ ಬೀದಿಯನ್ನೇ, ಮೂಲೆಯ ಔಷಧಿ ಅಂಗಡಿಯನ್ನೂ ಸೇರಿಸಿ, ಕೊಂಡುಬಿಡಬಹುದು ಎಂದು ಲೈಟಿನವರು ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ಎಲ್ಲರೂ ನಗುತ್ತಿದ್ದರು, ಬೆನ್ನಪ್ಪನೊಬ್ಬನನ್ನು ಬಿಟ್ಟು.

ಅವನು ಈ ಚಿತ್ರದ ನಾಯಕನ ಬೆನ್ನು. ಅದೇ ಅವನ ಉದ್ಯೋಗ, ಸೆಟ್ಟಿನಲ್ಲಿ ಆ ಹೆಸರು ಬಂದದ್ದೂ ಅದರಿಂದಲೇ. ನಾಯಕನಟರನ್ನು ಒಂದು ದಿನ ಕರೆಸಿದರೆ ಆಗುವ ಖರ್ಚಿಗೆ ಹೆದರಿ, ಮುಖ ಕಾಣುವ ಕಡೆ ಮಾತ್ರ ಅವರನ್ನು ಕರೆಸಿ, ಮಿಕ್ಕ ಕಡೆಗೆಲ್ಲ ಇವನನ್ನು ನಿಲ್ಲಿಸುತ್ತಿದ್ದರು. ಅದೇ ಎತ್ತರ, ಅದೇ ಭುಜ, ಅದೇ ನಡಿಗೆ, ಬೆನ್ನಿನ ನಡುವಿನವರೆಗೆ ಇಳಿಬಿಟ್ಟ ಅದೇ ಕೂದಲು. ಬೆಟ್ಟ ಹತ್ತುವವನು ಇವನು, ತುದಿಯಲ್ಲಿ ತಿರುಗಿ ನೋಡುವವರು ಅವರು. ನಾಯಕಿಯನ್ನು ಎತ್ತಿಕೊಂಡು ಹೊಳೆ ದಾಟಿದವನು ಇವನು, ಆಚೆ ದಡದಲ್ಲಿ ಅವಳಿಗೆ ಪ್ರೀತಿಯ ಮಾತು ಹೇಳಿದವರು ಅವರು. ಇದರಲ್ಲಿ ಬೆನ್ನಪ್ಪನಿಗೆ ಬೇಸರವೇನಿರಲಿಲ್ಲ. ಪ್ರೀತಿಯ ಮಾತಿಗಿಂತ ಹೊಳೆ ದಾಟುವುದೇ ಸುಲಭ ಎಂದು ಮನೆಯಲ್ಲಿ ಹೇಳಿ ಹೆಂಡತಿಯಿಂದ ಬೈಸಿಕೊಂಡಿದ್ದ.

ಅವನಿಗೆ ಭಯವಿದ್ದದ್ದು ಏಳನೆಯ ಕಲಮಿನದು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕರಾರಿನಲ್ಲಿ ಅದಿತ್ತು. ಚಿತ್ರ ಮುಗಿಯುವ ತನಕ ತೂಕ, ಕೂದಲು, ಮೈಬಣ್ಣ ಇದ್ದ ಹಾಗೆಯೇ ಇರಬೇಕು. ಬದಲಾದ ಕಾರಣಕ್ಕೆ ಏನನ್ನಾದರೂ ಮತ್ತೆ ಚಿತ್ರೀಕರಿಸಬೇಕಾಗಿ ಬಂದರೆ ಆ ಖರ್ಚು ಸಹಿ ಹಾಕಿದವನದು. ತೂಕವನ್ನು ಬಾಯಿ ಕಟ್ಟಿ ಕಾಯಬಹುದು, ಬಿಸಿಲಿಗೆ ಕೊಡೆ ಹಿಡಿಯಬಹುದು, ಕೂದಲು ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡು ಅವತ್ತು ನಗುನಗುತ್ತಲೇ ಸಹಿ ಹಾಕಿದ್ದ.

ಓಡಿಹೋಯಿತು. ಹದಿನಾಲ್ಕು ತಿಂಗಳ ಹಿಂದೆ ಒಂದು ಭಾನುವಾರ ತಲೆ ಒರೆಸುತ್ತಿದ್ದ ಹೆಂಡತಿಯ ಕೈ ತಟ್ಟನೆ ನಿಂತಿತು. "ರೀ, ನೆತ್ತಿ ಮೇಲೆ ಸ್ವಲ್ಪ ಬೆಳಕು ಬಿದ್ದ ಹಾಗಿದೆ," ಎಂದಳು. ಎರಡು ಕನ್ನಡಿ ಹಿಡಿದು ನೋಡಿದಾಗ ಅದು ಒಂದು ನಾಣ್ಯದಷ್ಟಿತ್ತು. ಮೂರು ತಿಂಗಳಲ್ಲಿ ಲೋಟದ ಮುಚ್ಚಳದಷ್ಟಾಯಿತು. ಅವರಿಗೆ ಇದ್ದ ಆಸ್ತಿಯೆಂದರೆ ಎರಡು ಕೋಣೆಯ ಆ ಮನೆ ಒಂದೇ. ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವವಳು, ಮುಂದಿನ ಕೋಣೆಯಲ್ಲಿ ಅವಳ ಯಂತ್ರ. ಮನೆ ಹೋಗುತ್ತದೆಯೇ ಎಂದು ಅವಳು ಒಂದೇ ಒಂದು ಸಲ ಕೇಳಿದಳು. ಆ ಭಾನುವಾರದ ಮರುದಿನವೇ ಅವಳು ಔಷಧಿ ಅಂಗಡಿಯಿಂದ, ಬೋಳು ಕಾಣದ ಹಾಗೆ ತಲೆಗೆ ಉದುರಿಸಿಕೊಳ್ಳುವ ಒಂದು ಕಪ್ಪು ಪುಡಿಯ ಶೀಶೆ ತಂದಳು.

ಅಂದಿನಿಂದ ದಿನವೂ ಬೆಳಿಗ್ಗೆ ಬಚ್ಚಲ ಬಾಗಿಲ ಬಳಿ ಸ್ಟೂಲು ಹಾಕಿ ಅವನನ್ನು ಕೂರಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಚಹಾ ಸೋಸುವ ಜಾಲರಿಯಲ್ಲಿ ಆ ಪುಡಿಯನ್ನು ನೆತ್ತಿಗೆ ಉದುರಿಸುತ್ತಿದ್ದಳು. ಜಾಲರಿಯಾದರೆ ಗಂಟು ಗಂಟಾಗಿ ಬೀಳುವುದಿಲ್ಲ ಎಂಬುದು ಅವಳೇ ಕಂಡುಕೊಂಡ ಉಪಾಯ. ಅಂಗಿಯ ಕಾಜಾ ಹೊಲಿಯುವಾಗಲೂ ಅವಳಿಗೆ ಅಷ್ಟು ಗಮನ ಇರುತ್ತಿರಲಿಲ್ಲ. ಅವನೋ ಬಸ್ಸಿನಲ್ಲಿ ಯಾವಾಗಲೂ ಕೊನೆಯ ಸಾಲು. ಅಲ್ಲಿ ಜಾಗವಿಲ್ಲದಿದ್ದರೆ ಹಿಂದಿನ ಗಾಜಿಗೆ ತಲೆ ಒರಗಿಸಿ ನಿಂತೇ ಹೋಗುತ್ತಿದ್ದ. ಊಟಕ್ಕೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಚಪ್ಪಲಿಯ ಪಟ್ಟಿ ಬಿಚ್ಚಿಹೋದರೂ ಯಾರೆದುರಿಗೂ ಬಗ್ಗುತ್ತಿರಲಿಲ್ಲ. ಮೂರೂ ಹೊತ್ತು ಬೆನ್ನು ತೋರಿಸಿಯೇ ಬದುಕಬೇಕಾದವನಿಗೆ ಇದೆಂಥ ಗ್ರಹಚಾರ ಬಂತೆಂದು ಕಥೆ ಹೇಳುವ ನನಗೂ ಅಯ್ಯೋ ಅನ್ನಿಸುತ್ತದೆ.

ಕುರ್ಚಿಯಲ್ಲಿ ಕೂತೇ ಮನೆಗೆ ಫೋನು ಮಾಡಿದ. ಮಳೆ ಇದೆಯಂತೆ ಎಂದ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಹುಷಾರಿಲ್ಲ ಅಂತ ಹೇಳಿ ಬಂದ್ಬಿಡಿ."

"ಕೆಳಗೆ ನಾನೂರು ಜನ ಸೈನಿಕರ ವೇಷದಲ್ಲಿ ನಿಂತಿದ್ದಾರೆ ಕಣೇ. ನಾನು ಹೋದ್ರೆ ಅವರೂ ಮನೆಗೆ ಹೋಗಬೇಕು."

ಇಷ್ಟು ಹೇಳಿ ಫೋನು ಇಟ್ಟುಬಿಟ್ಟ.

ಮೆಟ್ಟಿಲ ತುದಿಯಲ್ಲಿ ಬಿಳಿ ರೇಷ್ಮೆಯ ನಿಲುವಂಗಿ ತೊಟ್ಟು ನಿಂತ. ಕೆಳಗೆ ರಬ್ಬರಿನ ಕವಚ ತೊಟ್ಟ ನಾನೂರು ಜನ, ಇನ್ನೂರು ಕುದುರೆ, ಸಾಲಾಗಿ ನಿಂತ ನೀರಿನ ಟ್ಯಾಂಕರುಗಳು. ನಿರ್ದೇಶಕರು ಮೈಕಿನಲ್ಲಿ ಕೂಗಿದರು. ಮಳೆ ಬಿತ್ತು. ಮೇಲೆ ಕ್ರೇನಿನ ಮೋಟಾರು ಗುಂಯ್‌ಗುಟ್ಟುತ್ತ ಹತ್ತಿರವಾಯಿತು. ಕುತ್ತಿಗೆಯ ಹಿಂದೆ ನೀರಿನ ಜೊತೆ ಏನೋ ನುಣ್ಣಗೆ ಇಳಿಯುವುದು ಅವನಿಗೆ ಗೊತ್ತಾಯಿತು. ಕೈ ಎತ್ತಿ ಮುಟ್ಟಿ ನೋಡಬೇಕೆನಿಸಿತು. ಎತ್ತಲಿಲ್ಲ. ಕಟ್ ಹೇಳುವ ತನಕ ನಾಯಕನ ಬೆನ್ನು ಅಲುಗಬಾರದು, ಅದು ಅವನ ಕಸುಬಿನ ಮರ್ಯಾದೆ.

ಕಟ್ ಎಂದರು. ಕೆಳಗಿನಿಂದ ಪ್ರೊಡಕ್ಷನ್ ಮ್ಯಾನೇಜರು ಕೊಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಬಿಳಿ ನಿಲುವಂಗಿಯ ಬೆನ್ನ ಮೇಲೆ ಸೊಂಟದವರೆಗೆ ಇಳಿದಿದ್ದ ಕಪ್ಪು ಗೆರೆಗಳನ್ನು ನೋಡಿದರು. ಆಮೇಲೆ ಹಿಮ್ಮಡಿ ಎತ್ತಿ ಅವನ ನೆತ್ತಿ ನೋಡಿದರು.

"ಟೆಂಟಿಗೆ ನಡಿ," ಎಂದರು.

ಆ ಮೆಟ್ಟಿಲಿನಿಂದ ಟೆಂಟಿಗೆ ಇನ್ನೂರು ಹೆಜ್ಜೆಯೂ ಇರಲಿಲ್ಲ. ನೆನೆದ ಸೈನಿಕರ ನಡುವೆ ಬೆನ್ನಪ್ಪ ಅಷ್ಟು ದೂರವನ್ನು ನಡೆದ. ಅವನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ. ಹದಿನಾಲ್ಕು ತಿಂಗಳಲ್ಲಿ ಎಷ್ಟು ಬೆಟ್ಟ ಹತ್ತಿದ್ದ, ಎಷ್ಟು ಹೊಳೆ ದಾಟಿದ್ದ, ಎಷ್ಟು ಕುದುರೆ ಏರಿದ್ದ. ಅದನ್ನೆಲ್ಲ ಮತ್ತೆ ತೆಗೆಯುವುದಾದರೆ ಅವನ ಮನೆ, ಅವನ ಬೀದಿ, ಔಷಧಿ ಅಂಗಡಿ ಯಾವುದೂ ಸಾಲದು. ಹೊಲಿಗೆ ಯಂತ್ರವನ್ನಾದರೂ ಬಿಡುತ್ತಾರೋ ಇಲ್ಲವೋ.

ಟೆಂಟಿನಲ್ಲಿ ಕಂಟಿನ್ಯೂಟಿ ಮೇಡಂ ತಮ್ಮ ದಪ್ಪ ಪುಸ್ತಕದ ಜೊತೆ ಕೂತಿದ್ದರು. ನಿನ್ನೆಯ ದೃಶ್ಯದಲ್ಲಿ ಗುಂಡಿ ಹಾಕಿತ್ತೋ ಬಿಚ್ಚಿತ್ತೋ, ಗಾಯ ಎಡಗೆನ್ನೆಗಿತ್ತೋ ಬಲಗೆನ್ನೆಗಿತ್ತೋ ಎಂದು ಬರೆದಿಡುವುದು ಅವರ ಕೆಲಸ. ಇರುವೆ ಹರಿದರೂ ಬರೆದುಕೊಳ್ಳುತ್ತಾರೆ ಎಂದು ಸೆಟ್ಟಿನವರೆಲ್ಲ ಅವರಿಗೆ ಹೆದರುತ್ತಿದ್ದರು. ಮ್ಯಾನೇಜರು ಎಷ್ಟು ದಿನದಿಂದ ಈ ಆಟ ನಡೆದಿದೆ ಎಂದು ಗದರಿದರು. ಬೆನ್ನಪ್ಪ ಹದಿನಾಲ್ಕು ತಿಂಗಳು ಎಂದ. ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ.

"ಹದಿಮೂರೂವರೆ," ಎಂದರು ಮೇಡಂ, ಪುಸ್ತಕದಿಂದ ತಲೆಯೆತ್ತದೆ. "ನಾನು ಬರ್ಕೊಂಡಿದೀನಿ. ಪ್ರತಿ ವಾರ ನಿಮಗೂ ಕಳಿಸಿದೀನಿ. ನೀವು ಓದಲ್ಲ."

ಮೇಡಂ ಪುಸ್ತಕದ ನಡುವಿನಿಂದ ಎರಡು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಎರಡೂ ಮೇಲಿನಿಂದ ತೆಗೆದ ತಲೆಗಳು. ಎರಡರ ನೆತ್ತಿಯಲ್ಲೂ ಬಯಲು, ಎರಡೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಒಂದು ಸ್ವಲ್ಪ ದೊಡ್ಡದು.

"ಈ ದೊಡ್ಡದು ನಂದಾ ಮೇಡಂ?" ಎಂದು ಬೆನ್ನಪ್ಪ ಅಳುವ ದನಿಯಲ್ಲಿ ಕೇಳಿದ.

"ಚಿಕ್ಕದು ನಿಮ್ದು."

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮೇಡಂ ದನಿ ತಗ್ಗಿಸಿ ಬಿಡಿಸಿ ಹೇಳಿದರು. ಈ ಪಾತ್ರಕ್ಕಾಗಿ ಮೂರು ವರ್ಷ ಕತ್ತರಿ ಮುಟ್ಟಿಸಿಲ್ಲ, ಒಂದೊಂದು ಕೂದಲೂ ನನ್ನದೇ ಎಂದು ನಾಯಕನಟರು ಟಿವಿಯಲ್ಲಿ ಹೇಳಿಬಿಟ್ಟಿದ್ದರು. ಆಡಿದ ಮಾತಿಗಾಗಿ ಕೃತಕ ಕೂದಲಿನ ಟೋಪನ್ ಹಾಕುವಂತಿರಲಿಲ್ಲ. ಆದ್ದರಿಂದ ಗ್ರಾಫಿಕ್ಸಿನ ನಲವತ್ತು ಜನ ಒಂದು ತಣ್ಣನೆಯ ಕೋಣೆಯಲ್ಲಿ ಕೂತು, ಒಂದೊಂದು ಫ್ರೇಮಿನಲ್ಲೂ ನಾಯಕನ ನೆತ್ತಿಗೆ ಕೂದಲು ಬರೆಯುತ್ತಿದ್ದರು. ಎರಡು ವರ್ಷದಿಂದ ಅವರಿಗೆ ಅದೇ ಕೆಲಸ. ಬೆನ್ನಪ್ಪನ ನೆತ್ತಿ ತೆಳುವಾದಾಗ ಅದನ್ನೂ ಅವರ ಪಾಲಿಗೆ ಸೇರಿಸಿದ್ದರು. ಆ ವಿಷಯ ಇವನಿಗೆ ಹೇಳಿದರೆ ನಾಯಕನಟರ ತಲೆಯ ವಿಷಯವೂ ಹೊರಬೀಳುತ್ತದೆಂದು ಮೇಡಂ ಇಷ್ಟು ದಿನ ಸುಮ್ಮನಿದ್ದರು.

"ಕೂದಲು ಬರೆಯೋದು ಅವರಿಗೆ ಕಷ್ಟ ಅಲ್ಲ. ಕಷ್ಟ ಆಗಿದ್ದು ನಿಮ್ಮ ಪುಡಿ," ಎಂದರು. "ಅದು ಬಿಸಿಲಿಗೆ ಹೊಳೆಯಲ್ಲ, ಗಾಳಿಗೆ ಅಲುಗಲ್ಲ. ಮೊದಲು ಅದನ್ನ ಅಳಿಸಿ, ಆಮೇಲೆ ಕೂದಲು ಬರೀಬೇಕು. ಅಳಿಸೋಕೆ ಅಂತಲೇ ಆರು ಜನ ಇದ್ದಾರೆ."

"ಅದಕ್ಕೇನಾ ಗ್ರಾಫಿಕ್ಸ್ ಬಿಲ್ಲು ಅಷ್ಟೊಂದು ಬರ್ತಿದ್ದಿದ್ದು?" ಎಂದರು ಮ್ಯಾನೇಜರು. ಖರ್ಚು ಏರಿದ್ದಕ್ಕೆ ಅವರು ಇಷ್ಟು ದಿನ ಕುದುರೆಗಳ ಹುಲ್ಲನ್ನು ಬೈದಿದ್ದರು, ಕ್ಯಾರವಾನುಗಳ ಡೀಸೆಲ್ಲನ್ನು ಬೈದಿದ್ದರು.

ಬೆನ್ನಪ್ಪನಿಗೆ ಜಾಲರಿ ಹಿಡಿದು ನಿಂತ ಹೆಂಡತಿ ಕಣ್ಣ ಮುಂದೆ ಬಂದಳು. ಕನ್ನಡಕದ ಮೇಲಿಂದ ನೋಡುತ್ತ, ಉಸಿರು ಬಿಗಿಹಿಡಿದು, ಒಂದು ಕಣವೂ ಹೆಚ್ಚಾಗದಂತೆ ಉದುರಿಸುತ್ತಿದ್ದ ಅವಳು ಆರು ಜನರಿಗೆ ಕೆಲಸ ಕೊಟ್ಟಿದ್ದಳು. ನಗು ಬಂತು, ನಗುವ ಧೈರ್ಯ ಬರಲಿಲ್ಲ.

"ಹಾಗಾದ್ರೆ ಏಳನೇ ಕಲಮು?" ಎಂದು ಕೇಳಿದ.

"ಅದ್ಯಾವುದು?" ಎಂದರು ಮ್ಯಾನೇಜರು.

ಹದಿನಾಲ್ಕು ತಿಂಗಳು ತನ್ನ ನಿದ್ದೆ ಕೆಡಿಸಿದ ಕಲಮನ್ನು ಬೆನ್ನಪ್ಪ ಅಕ್ಷರ ಬಿಡದೆ ಒಪ್ಪಿಸಿದ. ಮ್ಯಾನೇಜರು ಕೇಳುತ್ತ ಕೇಳುತ್ತ ಟೆಂಟಿನ ಸೂರು ನೋಡಿದರು. ಮೇಡಂ ಪುಸ್ತಕ ಮುಚ್ಚಿದರು. "ಅದನ್ನ ಇವರಿಗೆ ಹಾಕಿದ್ರೆ ಹೀರೋ ಸರ್‌ಗೂ ಹಾಕಬೇಕಾಗತ್ತೆ. ನೀವು ಹೋಗಿ ಹೇಳ್ತೀರಾ?" ಎಂದು ಕೇಳಿದರು. ಮ್ಯಾನೇಜರು ಹೇಳುವವರ ಹಾಗೆ ಕಾಣಲಿಲ್ಲ.

ಅಷ್ಟರಲ್ಲಿ ಟೆಂಟಿನ ಪರದೆ ಸರಿಯಿತು. ಮಧ್ಯಾಹ್ನದ ಮುಖದ ದೃಶ್ಯಕ್ಕೆ ಬಂದಿದ್ದ ನಾಯಕನಟರು ಒಬ್ಬರೇ ಒಳಗೆ ಬಂದರು, ತಲೆಗೆ ಟವೆಲ್ಲು ಸುತ್ತಿಕೊಂಡು. ಮೂರು ವರ್ಷದಲ್ಲಿ ಅವರೂ ಬೆನ್ನಪ್ಪನೂ ಎದುರುಬದುರಾದದ್ದು ಕಡಿಮೆ. ಒಬ್ಬರಿದ್ದ ಕಡೆ ಇನ್ನೊಬ್ಬರಿಗೆ ಕೆಲಸವಿರುತ್ತಿರಲಿಲ್ಲ. ಅವರು ಇವನ ಬೆನ್ನ ಮೇಲಿನ ಕಪ್ಪು ಗೆರೆಗಳನ್ನು ನೋಡಿದರು, ಮೇಜಿನ ಮೇಲಿನ ಫೋಟೋಗಳನ್ನು ನೋಡಿದರು. ಬೆನ್ನಪ್ಪ ಎದ್ದು ನಿಂತ. ತಾನು ನೋಡಬಾರದ್ದನ್ನು ನೋಡಿ ಸಿಕ್ಕಿಬಿದ್ದೆನಲ್ಲ ಎಂದುಕೊಂಡ.

"ಮಳೆಗೆ ನಿಲ್ಲಲ್ಲ ಅಲ್ವಾ ಆ ಪುಡಿ?" ಎಂದರು ಅವರು.

"ಇಲ್ಲ ಸರ್."

"ನಾನೂ ಹಾಕಿ ನೋಡಿದೀನಿ. ದಿಂಬಿಗೆಲ್ಲ ಹತ್ಕೊಳತ್ತೆ."

ಅಷ್ಟು ಹೇಳಿ, ಇವನ ಭುಜವನ್ನು ಒಮ್ಮೆ ಒತ್ತಿ, ಬಂದ ಹಾಗೆಯೇ ಹೊರಟುಹೋದರು. ಹೋಗುವಾಗ ಹಿಂದಿನಿಂದ ನೋಡಿದರೆ ಬೆನ್ನಪ್ಪನಿಗೆ ತಾನೇ ಹೋಗುತ್ತಿರುವ ಹಾಗೆ ಕಂಡಿತು.

ಊಟವಾದ ಮೇಲೆ ಇನ್ನೊಂದು ನಿಲುವಂಗಿ ಕೊಟ್ಟರು. ಶೀಶೆ ಚೀಲದಲ್ಲೇ ಉಳಿಯಿತು. ಮಳೆ ಈ ಸಲ ನೇರವಾಗಿ ನೆತ್ತಿಯ ಮೇಲೆ ಬಿತ್ತು, ತಣ್ಣಗೆ, ಬೆರಳಲ್ಲಿ ತಟ್ಟಿದ ಹಾಗೆ. ಕ್ರೇನು ಗುಂಯ್‌ಗುಟ್ಟುತ್ತ ಹತ್ತಿರ ಬಂದಾಗ ಅವನು ಭುಜ ಬಿಟ್ಟು ಆರಾಮಾಗಿ ನಿಂತಿದ್ದ. ಹೋದ ಜೀವ ತಿರುಗಿ ಬಂದಿತ್ತು, ಅದನ್ನು ಬೇರೆ ರೀತಿ ಹೇಳಲು ಬರುವುದಿಲ್ಲ. ಒಂದೇ ಸಲಕ್ಕೆ ಓಕೆ ಆಯಿತು. ಬೆಳಿಗ್ಗೆಯ ನಿಲುವು ಬಿಗಿಯಾಗಿತ್ತು, ಈಗಿನದು ರಾಜನ ನಿಲುವು ಎಂದು ನಿರ್ದೇಶಕರು ಮೈಕಿನಲ್ಲೇ ಹೊಗಳಿದರು.

ಸಂಜೆ ಐದೂವರೆಯ ಬಸ್ಸು ಅರ್ಧ ಖಾಲಿಯಿತ್ತು. ಕಾಲುಗಳು ಅಭ್ಯಾಸದಂತೆ ಹಿಂದಕ್ಕೆ ಎಳೆದವು. ನಾಲ್ಕು ಹೆಜ್ಜೆ ಹೋದವನು ನಿಂತು, ತಿರುಗಿ, ಮುಂದೆ ಬಂದು ಕೂತ. ಅಷ್ಟರಲ್ಲಿ ಫೋನು ಬಂತು. ಬೆಳಗಿನಿಂದ ಹೆಂಡತಿ ಹನ್ನೊಂದು ಸಲ ಮಾಡಿದ್ದಳು.

"ಏನಾಯ್ತು?" ಎಂದಳು. ದನಿ ಇಳಿದುಹೋಗಿತ್ತು.

ಬಸ್ಸಿನಲ್ಲಿ ಜನರಿದ್ದರು. ಆ ತಲೆಯ ವಿಷಯ, ಈ ತಲೆಯ ವಿಷಯ ಯಾವುದನ್ನೂ ಹೇಳುವಂತಿರಲಿಲ್ಲ.

"ಬಸ್ಸಲ್ಲಿದೀನಿ," ಎಂದ. "ಮುಂದಿನ ಸೀಟಲ್ಲಿ ಕೂತಿದೀನಿ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

"ಮುಂದೆ ಅಂದ್ರೆ ಎಲ್ಲಿ?"

"ಡ್ರೈವರ್ ಹಿಂದೇನೇ."

ಬರುವಾಗ ಹೊಸ ಜಾಲರಿ ಒಂದು ತನ್ನಿ, ಇದು ಇನ್ನು ಚಹಾಕ್ಕೆ ಆಗುವುದಿಲ್ಲ ಎಂದಳು. ಅವನು ಆಯಿತು ಎಂದ. ಬಸ್ಸು ಹೊರಟಿತು. ಮುಂದಿನ ನಿಲ್ದಾಣದಲ್ಲಿ ಯಾರೋ ಹತ್ತಿ, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಅವನ ಹಿಂದಿನ ಸೀಟಿನಲ್ಲೇ ಕೂತರು. ಕಿಟಕಿಯ ಗಾಳಿ ಅವನ ಕೂದಲನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಅವನು ತಿರುಗಿ ನೋಡಲಿಲ್ಲ.