ಹುಣಸೆಹಣ್ಣು ಹಚ್ಚಿ ತೊಳೆದ ಕನ್ನಡಿ

ಶುಕ್ರವಾರ ಸಾಯಂಕಾಲ ಬೀರುವಿನಿಂದ ಸ್ಟೀಲ್ ಡಬ್ಬ ಇಳಿಸಿ ಮುಚ್ಚಳ ತೆಗೆದರೆ, ಒಳಗೆ ನಮ್ಮ ಟೆಲಿಸ್ಕೋಪಿನ ಕನ್ನಡಿ ಮೂರು ಪಟ್ಟೆ ವಿಭೂತಿ ಬಳಿದುಕೊಂಡು, ನಡುವೆ ಕುಂಕುಮ ಇಟ್ಟುಕೊಂಡು ಮದುಮಗನ ಹಾಗೆ ಕೂತಿತ್ತು. ಒಣಗಿದ ಸೇವಂತಿಗೆ ಎಸಳೊಂದು ಅಂಚಿಗೆ ಅಂಟಿತ್ತು. ವಿಭೂತಿಯನ್ನು ಊದಿದೆ. ಕೆಳಗೆ ಕನ್ನಡಿಯೇ ಇರಲಿಲ್ಲ, ಬರೀ ಗಾಜಿತ್ತು. ಡಬ್ಬದ ತಳಕ್ಕೆ ಹಾಸಿದ್ದ ಹಳದಿ ಬಟ್ಟೆ ಅದರ ಮೂಲಕ ಚೆನ್ನಾಗಿ ಕಾಣುತ್ತಿತ್ತು.

"ಅವ್ವಾ!" ಎಂದು ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದು ನಿಂತರು.

ನನ್ನ ತಾಯಿ ಕೆಂಪಾಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಆಯುಧಪೂಜೆಯ ದಿನ ನಾನು ಕೊಳ್ಳೇಗಾಲದ ಪೇಟೆಯಲ್ಲಿರುವ ನನ್ನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಮೆಷಿನ್ನುಗಳಿಗೆ ಹಾರ ಹಾಕುತ್ತಿದ್ದೆ. ಮನೆಯಲ್ಲಿ ಅವಳು ಕುಡುಗೋಲು, ಈಳಿಗೆಮಣೆ, ಮಿಕ್ಸಿ ಎಲ್ಲವನ್ನೂ ತೊಳೆದಿಟ್ಟು, ಕೊನೆಗೆ ಬೀರು ತೆಗೆದು ಇದನ್ನೂ ತೊಳೆದಿದ್ದಳು.

"ದೂಳ್ ಕೂತ್ಕಂಡು ಮಂಕಾಗಿತ್ತು ಕಣ್ ಮೊಗ. ಉಣಸೇಹಣ್ಣು ಬೂದಿ ಆಕಿ ತಿಕ್ದೆ. ನಿನ್ ದುರ್ಬೀನೂ ಒಂದ್ ಆಯ್ದ ಅಲ್ವಾ, ಅದ್ಕೂ ಪೂಜ ಆಗ್ಲಿ ಅಂತ" ಎಂದಳು. ಮುಖದಲ್ಲಿ ಮೆಚ್ಚುಗೆ ನಿರೀಕ್ಷಿಸುವ ನಗು ಬೇರೆ.

ಅವಳಿಗೆ ಹೇಗೆ ಹೇಳಲಿ? ಮುಖ ನೋಡುವ ಕನ್ನಡಿಗೆ ಹೊಳಪು ಗಾಜಿನ ಹಿಂದೆ ಇರುತ್ತದೆ. ಇದಕ್ಕೆ ಮುಂದೆ ಇರುತ್ತದೆ, ಗಾಳಿಗೆ ತೆರೆದುಕೊಂಡು. ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಅಲ್ಯೂಮಿನಿಯಂ ಲೇಪ. ಬೆರಳು ಸಹ ತಾಕಿಸುವ ಹಾಗಿಲ್ಲ. ಅದಕ್ಕೆ ನನ್ನ ತಾಯಿ ತೆಂಗಿನ ನಾರು ಹಾಕಿ ತಿಕ್ಕಿದ್ದಳು. ಹಬ್ಬ ಕಳೆದ ಮೇಲೆ ಎರಡು ವಾರ ಬಿಡದೆ ಮೋಡ ಕವಿದಿದ್ದರಿಂದ ನಾನೂ ಡಬ್ಬ ತೆಗೆದಿರಲಿಲ್ಲ.

"ಬಸ್ವುನ್ ಕಣ್ಣು ಕಿತ್ಬುಟ್ಟೆ ಕಣವ್ವ ನೀನು" ಎಂದೆ. ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿ. ಅವಳ ನಗು ಹಾಗೇ ಆರಿಹೋಯಿತು. ಆ ರಾತ್ರಿ ಅವಳು ಉಣ್ಣಲಿಲ್ಲ, ನಾನು ಉಣ್ಣು ಎನ್ನಲಿಲ್ಲ.

ಬಸವ ಎಂದರೆ ಚನ್ನಬಸವ, ನನ್ನ ಓರಗೆಯವನು, ಸರ್ಕಾರಿ ಬಸ್ಸಿನ ಡ್ರೈವರ್. ಕಾಡಂಚಿನ ಗೋಪಿನಾಥಂಗೆ ಹೋಗುವ ಬಸ್ಸು ಅಲ್ಲೇ ರಾತ್ರಿ ತಂಗಬೇಕಾಗಿದ್ದ ಕಾಲದಲ್ಲಿ ಅವನು ಬಸ್ಸಿನ ಟಾಪಿನ ಮೇಲೆ ಮಲಗಿ ಆಕಾಶ ನೋಡುವ ಚಟ ಹತ್ತಿಸಿಕೊಂಡ. ನನಗೂ ಹತ್ತಿಸಿದ. ಇಬ್ಬರೂ ಸೇರಿ ನನ್ನ ಅಂಗಡಿಯ ಹಿಂದೆ ಒಂದು ಡ್ರಮ್ಮಿನ ಮೇಲೆ ಗಾಜಿಟ್ಟು, ಮೇಲೆ ಇನ್ನೊಂದು ಗಾಜಿಟ್ಟು, ನಡುವೆ ಮರಳಿನಂಥ ಪುಡಿ ಹಾಕಿ, ಗಾಣದ ಎತ್ತಿನ ಹಾಗೆ ಸುತ್ತುತ್ತಾ ವರ್ಷಗಟ್ಟಲೆ ಉಜ್ಜಿ ಆ ಕನ್ನಡಿ ಮಾಡಿದೆವು. ಬೆಂಗಳೂರಿಗೆ ಕೊಟ್ಟು ಲೇಪ ಹಾಕಿಸಿ ಪಿವಿಸಿ ಪೈಪಿಗೆ ಕೂರಿಸಿದೆವು. ಕೊಳ್ಳೇಗಾಲದ ಖಗೋಳ ಕ್ಲಬ್ಬು ಎಂದರೆ ನಾವಿಬ್ಬರೇ. ಅಧ್ಯಕ್ಷ ಯಾರು ಎಂದು ಜಗಳ ಆಡುವುದಕ್ಕೂ ಜನ ಸಾಲದು.

ಸಕ್ಕರೆ ಕಾಯಿಲೆ ಬಸವನ ಎಡಗಣ್ಣನ್ನು ಹೋದ ವರ್ಷವೇ ತಿಂದಿತ್ತು. ಈಗ ಬಲಗಣ್ಣಿನೊಳಗೂ ರಕ್ತ ಒಸರುತ್ತಿತ್ತು. ಸ್ಟೀರಿಂಗ್ ಬಿಡಿಸಿ ಡಿಪೋದಲ್ಲಿ ಕೂರಿಸಿದ್ದರು. ಸೋಮವಾರ ಮೈಸೂರಿನಲ್ಲಿ ಆಪರೇಷನ್. ಆದಮೇಲೆ ನೋಟ ಉಳಿದರೂ ಉಳಿಯಬಹುದು, ಇಲ್ಲವಾದರೂ ಇಲ್ಲ ಎಂದು ಡಾಕ್ಟರು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. "ಇನ್ನೂ ಸುಮಾರಾಗಿ ಕಾಣ್ತದ ಬುಡ್ಲಾ" ಎಂದು ಬಸವ ಕೇಳಿದವರಿಗೆಲ್ಲ ಹೇಳುತ್ತಿದ್ದ. ಅದೇ ವಾರ ಪಡುವಣದಲ್ಲಿ ಒಂದು ಧೂಮಕೇತು ಬಂದಿತ್ತು. ಬರಿಗಣ್ಣಿಗೆ ಸಿಕ್ಕುವಷ್ಟು ದೊಡ್ಡದಲ್ಲ. ಹೋದರೆ ಮತ್ತೆ ಬರುವುದು ಸಾವಿರ ವರ್ಷದ ಮೇಲೆ. "ಕತ್ತಿ ಹಾಕಿಸ್ಕಳಕ್ ಮುಂಚ ಅದೊಂದ್ ನೋಡ್ಬುಡವ" ಎಂದು ಅವನೇ ಹೇಳಿದ್ದ. ಅದನ್ನು ತೋರಿಸದೆ ಅವನನ್ನು ಮೈಸೂರು ಬಸ್ಸು ಹತ್ತಿಸುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ.

ಮೈಸೂರಿನ ನಕ್ಷತ್ರ ವೀಕ್ಷಕರ ವಾಟ್ಸಾಪ್ ಗುಂಪಿನಲ್ಲಿ ನಾನು ಸೇರಿ ಎಷ್ಟೋ ಕಾಲವಾಗಿತ್ತು. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅಲ್ಲಿ ನಡೆಯುವ ಮಾತು ಅರ್ಧಕ್ಕರ್ಧ ಇಂಗ್ಲಿಷು. ಶುಕ್ರವಾರ ಮಾನ ಮರ್ಯಾದೆ ಬಿಟ್ಟು ಬರೆದೆ: ನಮ್ಮ ಕನ್ನಡಿ ಹಾಳಾಗಿದೆ, ನನ್ನ ಗೆಳೆಯನ ಕಣ್ಣಿಗೆ ಸೋಮವಾರ ಆಪರೇಷನ್, ಯಾರಾದರೂ ಭಾನುವಾರ ಒಂದು ಟೆಲಿಸ್ಕೋಪ್ ಕೊಡಿ, ನಾನೇ ಬಂದು ತೆಗೆದುಕೊಂಡು ಹೋಗಿ ನಾನೇ ತಂದು ಕೊಡುತ್ತೇನೆ.

ಉತ್ತರಗಳಿಗೇನೂ ಬರವಿರಲಿಲ್ಲ. ಕನ್ನಡಿ ಹೇಗೆ ಹಾಳಾಯಿತು ಎಂದು ಒಬ್ಬರು ಕೇಳಿದರು. ಹೇಳಿದೆ. ನಗುವ ಬೊಂಬೆಗಳ ಸಾಲು ಬಂತು. ಬೂದಿಯ ಕ್ಷಾರವೋ ಹುಣಸೆಯ ಆಮ್ಲವೋ, ಲೇಪ ಕಿತ್ತದ್ದು ಯಾವುದು ಎಂದು ಇಬ್ಬರು ಚರ್ಚೆಗೆ ಇಳಿದರು. ಮನೆಯವರ ಕೈಗೆ ಸಿಗದಂತೆ ಇಡಬೇಕಿತ್ತು ಎಂದು ಮತ್ತೊಬ್ಬರು ಬುದ್ಧಿ ಹೇಳಿದರು. ನನ್ನ ತಾಯಿಯನ್ನು ನಾನು ಬೈದದ್ದು ಸಾಲದೆ ಊರ ಮುಂದೆ ನಗೆಪಾಟಲು ಮಾಡಿದೆನಲ್ಲ ಎಂದು ಮೈ ಉರಿಯಿತು. ಕಾರ್ಯದರ್ಶಿ ಮೂರ್ತಿಯವರಿಗೆ ಫೋನ್ ಮಾಡಿದೆ.

"ನಿಮ್ಮ ಕಷ್ಟ ಅರ್ಥ ಆಗುತ್ತೆ ಜಡೇಸ್ವಾಮಿಯವರೇ" ಎಂದರು, ಒಳ್ಳೆಯ ದನಿಯಲ್ಲಿ. "ಆದ್ರೆ ಕ್ಲಬ್ಬಿನ ಟೆಲಿಸ್ಕೋಪೆಲ್ಲ ಈ ವಾರ ಕಾಲೇಜುಗಳಿಗೆ ಹೋಗಿವೆ. ಮುಂದಿನ ಅಮಾವಾಸ್ಯೆಗೆ ನಿಮ್ಮ ಕಡೆಗೇ ಒಂದು ಕಾರ್ಯಕ್ರಮ ಇಟ್ಟುಕೊಳ್ಳೋಣ."

"ಮುಂದ್ಲ ಅಮಾಸಗ ಅವ್ನ್ ಕಣ್ಣು ಇರ್ಬೇಕಲ್ಲಾ ಸಾ" ಎಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಅಂಗಡಿಯ ಶಟರ್ ಎಳೆದುಕೊಂಡು ಒಳಗೆ ಕೂತು ಅತ್ತೆ. ಗಂಡಸು ಅಳಬಾರದು ಎನ್ನುವವರು ಬಂದು ಆ ಗಾಜನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಲಿ.

ಶನಿವಾರ ಪೂರ್ತಿ ಹಾಗೇ ಹೋಯಿತು. ಸಂಜೆ ಗುರುತಿಲ್ಲದ ನಂಬರಿನಿಂದ ಒಂದು ಕರೆ ಬಂತು.

"ನಾನು ಶಿವರತ್ನಮ್ಮ ಅಂತ, ಯಳಂದೂರಿಂದ. ನರ್ಸ್ ಆಗಿ ರಿಟೈರಾದೋಳು. ಗುಂಪಲ್ಲಿ ಈಗ ನೋಡ್ದೆ. ನನ್ನತ್ರ ಎಂಟಿಂಚು ಕನ್ನಡಿಯ ಟೆಲಿಸ್ಕೋಪ್ ಒಂದಿದೆ ಸ್ವಾಮಿ, ಎತ್ತೋಕೆ ಮಾತ್ರ ನನ್ ಕೈಲಾಗಲ್ಲ."

ಯಳಂದೂರು! ವಾರಕ್ಕೊಮ್ಮೆ ಪಂಪ್‌ಸೆಟ್ ರಿಪೇರಿಗೆ ನಾನು ಹೋಗಿ ಬರುವ ಊರು. "ನೀವು ಇಷ್ಟ್ ದಿನ ಎಲ್ಲಿದ್ರಿ ಮೇಡಂ?" ಎಂದು ಪೆದ್ದನ ಹಾಗೆ ಕೇಳಿದೆ.

"ಇಲ್ಲೇ. ತಾರಸಿ ಮೇಲೆ" ಎಂದು ನಕ್ಕರು. "ಈ ಸೀಮೆಗೆ ನಾನೊಬ್ಳೇ ಹುಚ್ಚಿ ಅಂದ್ಕೊಂಡಿದ್ದೆ."

ಭಾನುವಾರ ಮಧ್ಯಾಹ್ನ ನನ್ನ ಲಗೇಜ್ ಆಟೋ ತೆಗೆದುಕೊಂಡು ಹೋಗಿ ಟೆಲಿಸ್ಕೋಪನ್ನೂ ಶಿವರತ್ನಮ್ಮನವರನ್ನೂ ಕರೆತಂದೆ. ಟೆಲಿಸ್ಕೋಪನ್ನು ಹಾಸಿಗೆಯಲ್ಲಿ ಸುತ್ತಿ ಹಗ್ಗ ಬಿಗಿದಿದ್ದೆವು. ಆದರೆ ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಮೋಡ ಎದ್ದು ಊರನ್ನು ಮುಚ್ಚಿತ್ತು. ಮನೆಯ ಮುಂದೆ ನಿಂತು ಮೋಡಕ್ಕೆ ಬಾಯಿಗೆ ಬಂದ ಹಾಗೆ ಬೈದೆ.

ಬಸವ ಜಗಲಿಯ ಮೇಲೆ ಕೂತಿದ್ದ. "ಅನೂರ್ ದಾಟ್ಲಾ" ಎಂದ. "ಇಲ್ಲಿ ಮಳ ಹುಯ್ತಿದ್ರೂವ ಅನೂರ್ ಆಚಗ ಒಣ್ಗಿರ್ತದ. ಎಷ್ಟ್ ವರ್ಸ ಆ ರೂಟ್ ಓಡ್ಸಿಲ್ಲ ನಾನು?"

ಹೊರಡುವಾಗ ನೋಡಿದರೆ ಆಟೋದ ಹಿಂಭಾಗದಲ್ಲಿ ಅವ್ವ ಬುತ್ತಿ ಗಂಟು ಹಿಡಿದು ಕೂತಿದ್ದಳು. ಎರಡು ದಿನದಿಂದ ನಮ್ಮಿಬ್ಬರಿಗೆ ಮಾತಿಲ್ಲ. "ನೀನ್ ಯಾಕ? ಇಳಿ" ಎಂದೆ.

"ಅವ್ವ ಬರ್ಲಿ ಕಣ್ಲಾ" ಎಂದ ಬಸವ. ಅವಳು ನನ್ನ ಕಡೆ ನೋಡಲಿಲ್ಲ. ಸರಿದು ಕೂತು ಅವನಿಗೆ ಜಾಗ ಮಾಡಿಕೊಟ್ಟಳು.

ಆ ಆಟೋವನ್ನು ನಾನು ಅಷ್ಟು ಜೋರಾಗಿ ಓಡಿಸಿದ್ದು ಅದೇ ಮೊದಲು, ಅದೇ ಕೊನೆ. ಹೊತ್ತು ಇಳಿಯುತ್ತಿತ್ತು, ಹಿಂದೆ ಮೋಡ ಅಟ್ಟಿಸಿಕೊಂಡು ಬರುತ್ತಿತ್ತು. ಹನೂರು ದಾಟಿದ ಮೇಲೆ ಮುಸುಕಿನ ಜೋಳ ಕೊಯ್ದು ಬಯಲಾಗಿದ್ದ ಒಂದು ಹೊಲ ಸಿಕ್ಕಿತು. ಅಲ್ಲಿಂದ ಪಡುವಣಕ್ಕೆ ತಿರುಗಿ ನೋಡಿದರೆ ಮೋಡಕ್ಕೂ ಅದರ ಮೇಲಿನ ಆಕಾಶಕ್ಕೂ ನಡುವೆ ನೇರ ಗೆರೆ ಎಳೆದ ಹಾಗಿತ್ತು. ಗೆರೆಯ ಮೇಲೆ ಶುಭ್ರವಾಗಿತ್ತು. ಗೆರೆ ಮಾತ್ರ ಮೇಲೇರುತ್ತಿತ್ತು.

ನಾನು ಟೆಲಿಸ್ಕೋಪನ್ನು ನಿಲ್ಲಿಸಿಕೊಟ್ಟೆ. ಶಿವರತ್ನಮ್ಮ ಸೀರೆ ಸೆರಗು ಸಿಕ್ಕಿಸಿ ಹುಡುಕತೊಡಗಿದರು. ಮುಸ್ಸಂಜೆಯ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ಅವರು ಕೊಳವೆಯನ್ನು ಒಂದಿಷ್ಟು ಏರಿಸಿ, ಒಂದಿಷ್ಟು ಇಳಿಸಿ, "ಇಲ್ಲ… ಇಲ್ಲ…" ಎನ್ನುತ್ತಿದ್ದರು. ದೇವರನ್ನು ನಂಬದ ನಾನು ಆ ಹೊಲದಲ್ಲಿ ಮಾದಪ್ಪನಿಗೆ ಹರಕೆ ಹೊತ್ತೆ. ಸಿಕ್ಕದಿದ್ದರೆ ನಿನ್ನ ಬೆಟ್ಟದ ಕಡೆ ತಲೆ ಹಾಕುವುದಿಲ್ಲ ಎಂದು ಬೆದರಿಸಿಯೂ ಬಿಟ್ಟೆ.

"ಸಿಕ್ಕಿತು!" ಎಂದರು ಶಿವರತ್ನಮ್ಮ. "ಬನ್ನಿ, ಬೇಗ!"

ಸರಿಯಾಗಿ ಕೂತಿದೆಯೇ ಎಂದು ನಾನು ಒಂದು ಕ್ಷಣ ಕಣ್ಣಿಟ್ಟೆ. ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿದ ಹಾಗೆ ಒಂದು ಗುರುತು, ತುದಿಯಲ್ಲಿ ತುಸು ಹಸಿರು. ಇದೇ. ಬಸವನ ಭುಜ ಹಿಡಿದು ತಂದು ಅವನ ಬಲಗಣ್ಣನ್ನು ಮಸೂರಕ್ಕೆ ಸರಿಯಾಗಿ ಹಚ್ಚಿದೆ.

ಅವನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಬಾಗಿದ.

"ಕಂಡದಾ ಬಸ್ವಣ್ಣ?" ಎಂದು ಅವ್ವ ಕೇಳಿದಳು.

"ಊಂ ಕಣವ್ವ. ಕಂಡ್ತು" ಎಂದ ಬಸವ. "ಬೋ ಸಂದಾಗದ. ಬಾಲ ಎಡಕ್ಕ ಬಿಟ್ಕಂಡದ. ಒಳ್ಳ ಹತ್ತಿ ಎಳ್ದಂಗದ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಬಸವ ಹಾಗೇ ಬಾಗಿ ಹೇಳುತ್ತಲೇ ಇದ್ದ, ಗೋಪಿನಾಥಂನ ಆಕಾಶದಲ್ಲಿ ನೋಡಿದ್ದಕ್ಕಿಂತ ಇದು ಚೆಂದ ಎಂದ. ನಾನು ಖುಷಿಯಿಂದ ಕೇಳುತ್ತಿದ್ದವನು ಅವನ ಕೈ ನೋಡಿದೆ.

ಮೋಟಾರಿಲ್ಲದ ಟೆಲಿಸ್ಕೋಪಿನಲ್ಲಿ ಯಾವುದೂ ನಿಲ್ಲುವುದಿಲ್ಲ. ಭೂಮಿ ತಿರುಗುತ್ತಿರುತ್ತದಲ್ಲ, ನೋಡುತ್ತಿದ್ದ ಹಾಗೇ ಎಲ್ಲವೂ ಅಂಚಿಗೆ ಜಾರಿ ಆಚೆ ಹೋಗುತ್ತದೆ. ನೋಡುವವನು ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳುತ್ತಾ ಅದರ ಹಿಂದೆಯೇ ಹೋಗಬೇಕು. ಅದನ್ನು ನನಗೆ ಕಲಿಸಿದವನೇ ಬಸವ. ನಾನು ಮರೆತು ನಿಂತರೆ ತಲೆಗೆ ಮೊಟಕುತ್ತಿದ್ದ. ಈಗ ಅವನ ಎರಡೂ ಕೈ ಬೆನ್ನ ಹಿಂದೆ ಇದ್ದವು. ಧೂಮಕೇತು ಯಾವಾಗಲೋ ಜಾರಿ ಹೋಗಿತ್ತು. ಅವನು ಖಾಲಿ ಆಕಾಶವನ್ನು ವರ್ಣಿಸುತ್ತಿದ್ದ.

ಶಿವರತ್ನಮ್ಮನವರಿಗೂ ಗೊತ್ತಾಯಿತು. ಅವರು ನನ್ನ ಮುಖ ನೋಡಿದರು. ಆಮೇಲೆ ಮಾತಾಡದೆ ಕೈ ಚಾಚಿ, ಕೊಳವೆಯ ಪಕ್ಕದ ಪುಟ್ಟ ಹುಡುಕು ದುರ್ಬೀನಿಗೆ ಕಣ್ಣಿಟ್ಟು, ಅವನ ಕಣ್ಣ ಕೆಳಗೇ ಕೊಳವೆಯನ್ನು ಸರಿಸಿ ಧೂಮಕೇತುವನ್ನು ಮತ್ತೆ ನಡುವಿಗೆ ತಂದರು. ಅದು ಹೋದದ್ದೂ ಬಸವನಿಗೆ ತಿಳಿದಿರಲಿಲ್ಲ, ಬಂದದ್ದೂ ತಿಳಿಯಲಿಲ್ಲ. ಅವನ ಮಾತು ಒಂದೇ ಸಮನೆ ಸಾಗಿತ್ತು.

ಮೋಡ ಮೇಲೇರಿ ಎಲ್ಲವನ್ನೂ ಮುಚ್ಚಿದ ಮೇಲೆ ಅವನು ಬೆನ್ನು ನೆಟ್ಟಗೆ ಮಾಡಿದ. ಅವ್ವ ಟೆಲಿಸ್ಕೋಪನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ನನ್ ಪಾಪ ಕಳೀತು ಕಣಪ್ಪ" ಎಂದು ಅಳುತ್ತಾ, ಬುತ್ತಿ ಬಿಚ್ಚಲು ಆಟೋ ಕಡೆ ನಡೆದಳು. ಶಿವರತ್ನಮ್ಮ ಅವಳ ತೋಳು ಹಿಡಿದುಕೊಂಡರು.

ಕತ್ತಲಾಗಿತ್ತು. ಬಸವ ನನ್ನ ಹೆಗಲ ಮೇಲೆ ಕೈಯಿಟ್ಟು ಜೋಳದ ಕೂಳೆ ಎಡವುತ್ತಾ ನಡೆದ.

"ಇನ್ನಾದ್ರೂ ಅವ್ವುನ್ ಮಾತಾಡ್ಸ್ಲಾ" ಎಂದ, ಮೆಲ್ಲಗೆ. "ನಿನ್ ಕನ್ನಡಿ ಸಂದಾಗಿದ್ದಿದ್ರೂವ ಇಷ್ಟೇಯ."

ನನ್ನ ಕಾಲು ನಿಂತಿತು. "ಯಾವಾಗ್ಲಿಂದ್ಲಾ?"

"ಹಬ್ಬುಕ್ ಮುಂಚ್ಲಿಂದ್ಲೂವ."

"ಮತ್ ಯಾಕ್ಲಾ ನನ್ನ ಇಂಗ್ ಓಡಾಡ್ಸ್ದೆ? ನಂಗ ಒಂದ್ ಮಾತ್ ಏಳುಕ್ ಆಗ್ನಿಲ್ವಾ ನಿಂಗ?" ಸಿಟ್ಟು ಎಲ್ಲಿಂದ ಬಂತೋ, ಅವನ ಅಂಗಿ ಹಿಡಿದಿದ್ದೆ.

"ದುರ್ಬೀನ್ ಕನ್ನಡೀಲಾದ್ರೂ ಕಾಣ್ಬೋದೇನೋ ಅಂತ ಆಸ ಇತ್ತು ಕಣ್ಲಾ" ಎಂದ. ಇಷ್ಟು ಹೊತ್ತು ಗಟ್ಟಿಯಾಗಿದ್ದ ಅವನ ದನಿ ಅಲ್ಲಿ ಒಡೆಯಿತು. "ಚೂರಾದ್ರೂವ."

ನಾನು ಅಂಗಿ ಬಿಟ್ಟೆ. ಇಬ್ಬರೂ ಹೊಲದ ನಡುವೆ ಹಾಗೇ ನಿಂತಿದ್ದೆವು.

"ಬನ್ರಲಾ, ಉಣ್ಣಿ" ಎಂದು ಅವ್ವ ಕರೆದಳು. ಎರಡು ದಿನದ ಮೇಲೆ ಅವಳ ದನಿ ಅವಳ ದನಿಯ ಹಾಗಿತ್ತು. ಆಟೋದ ಹಿಂದೆ ತಟ್ಟೆ ಹಾಕಿ ಮುದ್ದೆ ಬಡಿಸಿ ಕಾದಿದ್ದಳು. "ಬಂದ್ವಿ ಕಣವ್ವ" ಎಂದೆ. ಬಸವನನ್ನು ಕೂರಿಸಿ, ಅವಳಿಗೆ ಗೊತ್ತಾಗದ ಹಾಗೆ ಅವನ ಕೈ ಹಿಡಿದು ತಟ್ಟೆ ಮುಟ್ಟಿಸಿದೆ.