ಉಡಿಯ ಜೊತೆ ಬಂದ ಸ್ಟೌ

ನನ್ನ ಎಡಗೈ ಚಿವುಟಿದರೆ ನನಗೆ ಗೊತ್ತಾಗುವುದಿಲ್ಲ. ಭುಜದಿಂದ ಮೊಣಕೈವರೆಗೆ ಚರ್ಮ ಪಕ್ಕೆಗೆ ಅಂಟಿಕೊಂಡುಬಿಟ್ಟಿದೆ. ಆಪರೇಷನ್ ಮಾಡಿ ಬಿಡಿಸಿದರೆ ಕೈ ಮೇಲೇಳುತ್ತದೆ, ಆದರೆ ಬೇಗ ಆಗಬೇಕು, ಬೆಂಗಳೂರಿಗೆ ಹೋಗಬೇಕು ಅಂತ ಡಾಕ್ಟರು ಹೇಳಿದ್ದರು. ಅದಕ್ಕೆ ದುಡ್ಡು ಬೇಕಿತ್ತು. ದುಡ್ಡಿಗಾಗಿ ಕೇಸು. ವಿಷಯ ಇಷ್ಟೇ. ಜನ ಇದಕ್ಕೆ ಕೈಕಾಲು ಹಚ್ಚಿ ಹೇಳುತ್ತಾರೆ, ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಸುಟ್ಟದ್ದು ಎಪ್ಪತ್ತೆಂಟನೇ ಇಸವಿಯಲ್ಲಿ, ಸಿರುಗುಪ್ಪದ ದೊಡ್ಡಬಸಪ್ಪ ಸಾವ್ಕಾರರ ಅಕ್ಕಿ ಗಿರಣಿಯಲ್ಲಿ. ಭತ್ತ ಬೇಯಿಸುವ ಬಾಯ್ಲರಿನ ಒಲೆಗೆ ಹೊಟ್ಟು ಹಾಕುವ ಕೆಲಸ ನನ್ನದು. ಬುಟ್ಟಿ ಹೊಟ್ಟು ಒಮ್ಮೆಗೇ ಸುರಿದರೆ ಒಲೆ ಒಂದು ಗಳಿಗೆ ಉಸಿರು ಹಿಡಿದು ಆಮೇಲೆ ಬೆಂಕಿ ಹೊರಗೆ ಕಾರುತ್ತದೆ. ಅದು ಗಿರಣಿಯಲ್ಲಿ ಎಲ್ಲರಿಗೂ ಗೊತ್ತು. ಅವತ್ತು ಮೇಸ್ತ್ರಿ ಅವಸರ ಮಾಡಿದ, ನಾನು ಸುರಿದೆ. ಸೆರಗು ಹತ್ತಿಕೊಂಡಿತು. ಯಾರೋ ನನ್ನ ಮೇಲೆ ಗೋಣಿಚೀಲ ಹೊದಿಸಿ ಉರುಳಾಡಿಸಿದರು. ಅಷ್ಟು ನೆನಪಿದೆ.

ಗಿರಣಿಯ ಜೀಪಿನಲ್ಲಿ ಬಳ್ಳಾರಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಮೇಸ್ತ್ರಿ ನನ್ನ ಗಂಡ ಸುಂಕಪ್ಪನಿಗೆ ಪಾಠ ಹೇಳಿದ.

"ಗಿರಣ್ಯಾಗ ಅಂದ್ರ ಪೊಲೀಸ್ ಕೇಸ್ ಆಗತೈತಿ. ಹೆಂಗಸು ಸುಟ್ಕೊಂಡ್ರ ಮೊದಲು ಹಿಡಿಯೋದು ಗಂಡನ್ನ. ಸ್ಟೌ ಸಿಡೀತು ಅನ್ನಪಾ, ಯಾರೂ ಏನೂ ಕೇಳಂಗಿಲ್ಲ."

ಸುಂಕಪ್ಪ ಪೊಲೀಸರೆಂದರೆ ಉಚ್ಚೆ ಹೊಯ್ದುಕೊಳ್ಳುವ ಮನುಷ್ಯ. ಸ್ಟೌ ಅಂದ. ಮರುದಿನ ಪೊಲೀಸಿನವರು ಬಂದು ನನ್ನನ್ನೂ ಕೇಳಿದರು. ಸುಟ್ಟವರ ವಾರ್ಡಿನಲ್ಲಿ ನನ್ನ ಎಡಕ್ಕೆ ಮಲಗಿದ್ದವಳು ಸ್ಟೌ ಅಂದಿದ್ದಳು, ಬಲಕ್ಕೆ ಮಲಗಿದ್ದವಳೂ ಸ್ಟೌ ಅಂದಿದ್ದಳು. ನಾನೂ ಸ್ಟೌ ಅಂದೆ. ಹಾಗನ್ನು ಅಂತ ನನ್ನ ಕುತ್ತಿಗೆಯನ್ನು ಯಾರೂ ಹಿಸುಕಲಿಲ್ಲ. ನಮ್ಮ ಮನೆಯಲ್ಲಿ ಸ್ಟೌ ಇರಲೇ ಇಲ್ಲ, ಮೂರು ಕಲ್ಲಿನ ಒಲೆ ಇತ್ತು.

ಮೂರು ತಿಂಗಳಾದ ಮೇಲೆ ಮನೆಗೆ ಬಂದೆ. ಸಾವ್ಕಾರರು ಆಸ್ಪತ್ರೆಗೆ ಒಮ್ಮೆಯೂ ಬರಲಿಲ್ಲ, ಮೇಸ್ತ್ರಿಯೂ ಮುಖ ತೋರಿಸಲಿಲ್ಲ. ನನಗೆ ಸಿಟ್ಟೂ ಬರಲಿಲ್ಲ. ಗೋಡೆ ನೋಡುತ್ತ ಕೂತಿರುತ್ತಿದ್ದೆ. ಹೊತ್ತು ಹೋಗುತ್ತಿತ್ತು.

ನನ್ನ ತವರು ಕುರುಗೋಡು. ಅಲ್ಲಿನ ನಮ್ಮ ಕೇರಿಯಲ್ಲೇ ಹುಟ್ಟಿ ಓದಿದವರು ವಕೀಲ ಗಾದೆಪ್ಪನವರು. ಈಗ ಬಳ್ಳಾರಿಯ ಪಾರ್ವತಿನಗರದಲ್ಲಿ ಒಂದು ಕೋಣೆ ಮಾಡಿಕೊಂಡು ಕೂತಿದ್ದರು. ಅವ್ವ ಹೋಗಿ ಅವರ ಮುಂದೆ ಅತ್ತಳು. ಅವರು ಫೀಜು ಕೇಳಲಿಲ್ಲ. ಕೂಲಿಗಾರರಿಗೆ ಕೆಲಸದಲ್ಲಿ ಏನಾದರೂ ಆದರೆ ಮಾಲೀಕರು ಪರಿಹಾರ ಕೊಡಬೇಕು ಅಂತ ಕಾನೂನಿದೆಯಂತೆ, ಅದನ್ನು ನೋಡುವುದಕ್ಕೇ ಬಳ್ಳಾರಿಯಲ್ಲಿ ಲೇಬರ್ ಸಾಹೇಬರು ಇದ್ದಾರಂತೆ. ಗಾದೆಪ್ಪನವರು ಅರ್ಜಿ ಹಾಕಿ ಸಾವ್ಕಾರರಿಗೆ ನೋಟೀಸು ಕಳಿಸಿದರು.

"ಆಸ್ಪತ್ರಿ ಚೀಟ್ಯಾಗ ಸ್ಟೌ ಅಂತ ಐತೆಲ್ಲ, ಅದೊಂದೇ ತೊಡಕು," ಅಂದರು. "ಮನ್ಯಾಗ ಸ್ಟೌ ಇಲ್ಲ ಅಂತ ಲೇಬರ್ ಇನ್ಸ್‌ಪೆಕ್ಟರು ಬಂದು ನೋಡಿ ಬರಕೊಂಡ್ರ ಆತು. ಅಲ್ಲೀತನ ಸಾವ್ಕಾರ್ರ ಕಡಿಂದ ಒಂದು ಪೈಸಾ ಮುಟ್ಟಬ್ಯಾಡ. ಯಾವ ಕಾಗದಕ್ಕೂ ಹೆಬ್ಬಟ್ಟು ಒತ್ತಬ್ಯಾಡ."

ಪೈಸೆ ಮುಟ್ಟಲಿಲ್ಲ. ಹೆಬ್ಬೆಟ್ಟೂ ಒತ್ತಲಿಲ್ಲ.

ನೋಟೀಸು ಹೋದ ಮುಂದಿನ ಶುಕ್ರವಾರ ಬೆಳಿಗ್ಗೆ ಸಾವ್ಕಾರರ ಹೆಂಡತಿ ಚನ್ನವೀರಮ್ಮನವರು ನಮ್ಮ ಮನೆಗೆ ಬಂದರು. ಇದನ್ನು ಸುಮ್ಮನೆ ಕೇಳಿಕೊಂಡು ಹೋಗಬೇಡಿ. ಸಾವ್ಕಾರರ ಮನೆಯ ಹೆಂಗಸರು ನಮ್ಮ ಕೇರಿಯ ಬಾಯಿಗೂ ಬಂದವರಲ್ಲ. ಗಿರಣಿಯಲ್ಲಿ ನಮಗೆ ಮೇಲಿಂದ ನೀರು ಹೊಯ್ಯುತ್ತಿದ್ದರು, ಬೊಗಸೆ ಒಡ್ಡಿ ಕುಡಿಯುತ್ತಿದ್ದೆವು. ಅಂಥಾಕೆ ಕಾರಿನಿಂದ ಇಳಿದು, ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ನನ್ನ ಬಾಗಿಲೊಳಗೆ ಬಂದು ಕಂಬಳಿಯ ಮೇಲೆ ಕೂತರು. ಹೊರಗೆ ಇಡೀ ಕೇರಿ ನೆರೆದಿತ್ತು.

"ಸತ್ತು ಬದುಕಿ ಬಂದೀ ಹುಲುಗಮ್ಮ. ಉಡಿ ತುಂಬಾಕ ಬಂದೀನವ್ವ," ಅಂದರು.

ಉಡಿ ತುಂಬಲು ಬಂದವರಿಗೆ ಬೇಡ ಅನ್ನುವ ಮುತ್ತೈದೆ ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ನಾನು ಬಲಗೈಯಲ್ಲಿ ಸೆರಗು ಒಡ್ಡಿದೆ. ಎಡಗೈ ಏಳುವುದಿಲ್ಲವಲ್ಲ, ಆ ಕಡೆಯ ಸೆರಗಿನ ತುದಿಯನ್ನು ಅವರೇ ಹಿಡಿದುಕೊಂಡರು. ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಕುಬಸದ ಕಣ. ಹಣೆಗೆ ಕುಂಕುಮ. ಆಮೇಲೆ ಡ್ರೈವರು ಚೀಲದಲ್ಲಿ ಮುಚ್ಚಿಕೊಂಡು ಒಂದು ಹಿತ್ತಾಳೆ ಸ್ಟೌ ತಂದು ಒಲೆಯ ಪಕ್ಕ ಇಟ್ಟ.

"ಈ ಕೈಲೆ ಒಲಿ ಊದಬ್ಯಾಡ. ನಮ್ಮನ್ಯಾಗಿಂದೇ ತಂದೀನಿ," ಅಂದರು.

ಹೊಸ ಸ್ಟೌ ಆಗಿದ್ದರೆ ನನಗೆ ಅನುಮಾನ ಬರುತ್ತಿತ್ತೇನೋ. ಅದು ತಳ ಕಪ್ಪಾದ, ಬಳಸಿದ ಸ್ಟೌ. ತಮ್ಮ ಮನೆಯಲ್ಲಿ ಬಳಸುತ್ತಿದ್ದುದನ್ನೇ ತಂದರಲ್ಲ ಅಂತ ಇನ್ನಷ್ಟು ಹಿತವಾಯಿತು. ನನ್ನ ದಡ್ಡತನಕ್ಕೆ ಏನು ಹೇಳಲಿ!

ಲೋಟ ಬೆಳಗಿ ನೀರು ಕೊಟ್ಟೆ. "ಇವತ್ತು ಉಪಾಸ ಅದೀನವ್ವ," ಅಂದು ಲೋಟದ ಕಡೆ ನೋಡದೆ ಎದ್ದರು. ಅದನ್ನು ಕಂಡವಳು ನಾನೊಬ್ಬಳೇ. ಕಾರು ಹೋದ ಮೇಲೆ ಪಕ್ಕದ ಮನೆಯ ಉಚ್ಚೆಂಗೆಮ್ಮ ಓಡಿ ಬಂದಳು. ನನ್ನ ಜೊತೆ ಗಿರಣಿಯಲ್ಲಿ ಹೊಟ್ಟು ಹೊರುವವಳು.

"ಏನರ ಬಾಯಾಗ ಹಾಕ್ಕೊಂಡ್ರೇನ ಅಕ್ಕಾ?"

"ಹೂಂ. ಚಾ ಕುಡುದ್ರು," ಅಂದುಬಿಟ್ಟೆ.

ಯಾಕೆ ಅಂದೆನೋ. ಅವಳ ಮುಖ ನೋಡಿದರೆ ಇಲ್ಲ ಅನ್ನುವ ಮನಸ್ಸಾಗಲಿಲ್ಲ. ಸಂಜೆಯೊಳಗೆ ಇಡೀ ಕೇರಿ ಅದನ್ನೇ ಆಡಿತು, ಮರುದಿನ ಗಿರಣಿಯಲ್ಲೂ ಅದೇ ಮಾತು. ಸಾವ್ಕಾರ್ತಿ ಹುಲುಗಮ್ಮನ ಮನೆಯಲ್ಲಿ ಚಹಾ ಕುಡಿದಳಂತೆ! ಮುದುಕಿಯರು ನನ್ನ ಮನೆಗೆ ಬಂದು ಅವರು ಕೂತ ಜಾಗ ನೋಡಿ ಹೋದರು.

ನಾಲ್ಕು ದಿನಕ್ಕೆ ಇನ್ಸ್‌ಪೆಕ್ಟರು ಬಂದರು. ಸ್ಟೌ ಇದೆ, ಬಳಸಿದ್ದು, ಅಂತ ಬರೆದುಕೊಂಡು ಹೋದರು.

ಗಾದೆಪ್ಪನವರು ತಲೆ ಮೇಲೆ ಕೈ ಹೊತ್ತರು. ಬೈಯಲಿಲ್ಲ. "ಸಾಹೇಬ್ರ ಮುಂದ ಖರೇ ಹೇಳೂಣು. ಉಡಿ ತುಂಬಿದ ದಿನ ಕೊಟ್ರು ಅನ್ನು. ಆಕೀನ್ನೂ ಸಾಕ್ಷಿಗೆ ಕರಸ್ತೀನಿ. ಉಡಿ ತುಂಬಿದಾಕಿ ಸುಳ್ಳು ಹೇಳಂಗಿಲ್ಲ, ನೋಡು ಬೇಕಾರ," ಅಂದರು. ಕಾರು ಬಂದದ್ದನ್ನು ಹೇಳಲಿಕ್ಕೆ ಉಚ್ಚೆಂಗೆಮ್ಮನನ್ನೂ ಇನ್ನಿಬ್ಬರು ಹೆಂಗಸರನ್ನೂ ಕರೆತರಲು ಹೇಳಿದರು. ಕೂಲಿ ಬಿಟ್ಟು, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಅವರು ನಮ್ಮ ಜೊತೆ ಬಸ್ಸು ಹತ್ತಿದರು. ಗಿರಣಿಯಲ್ಲಿ ದುಡಿಯುವವರು ಹಾಗೆ ಬರುವುದು ಸಣ್ಣ ಮಾತಲ್ಲ.

ಬಳ್ಳಾರಿಯಲ್ಲಿ ಸಾಹೇಬರ ಕೋಣೆ ಕೋರ್ಟಿನಂತೆ ಇರಲಿಲ್ಲ. ಮೇಜು, ಫ್ಯಾನು, ಕಡತಗಳ ಗಂಟು. ಸಾಹೇಬರು ಮೆತ್ತಗೆ ಮಾತಾಡುವವರು. ನಾನು ಗಿರಣಿಯಲ್ಲಿ ನಡೆದದ್ದನ್ನೂ ಸ್ಟೌ ಉಡಿಯ ಜೊತೆ ಬಂದದ್ದನ್ನೂ ಹೇಳಿದೆ. ಸುಂಕಪ್ಪನೂ ಬೆವೆತುಕೊಂಡು, ಹೆದರಿ ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡ. ಸಾಹೇಬರು ತಲೆಯಾಡಿಸಿದರು. ನಮ್ಮ ಮಾತು ನಂಬಿದರು ಅಂತ ನನಗನ್ನಿಸಿತು. ಎಷ್ಟೋ ತಿಂಗಳ ಮೇಲೆ ಬೆಂಗಳೂರು ಹೇಗಿರುತ್ತದೋ ಅಂತ ಯೋಚನೆ ಬಂತು.

ಆಮೇಲೆ ಚನ್ನವೀರಮ್ಮನವರು ಬಂದರು. ಸಾದಾ ಸೀರೆ, ಹಣೆಯ ತುಂಬ ವಿಭೂತಿ. ಹೌದು, ಅವರ ಮನೆಗೆ ಹೋಗಿದ್ದೆ, ಉಡಿ ತುಂಬಿದೆ ಅಂದರು. ಗಾದೆಪ್ಪನವರು ನನ್ನ ಕಡೆ ನೋಡಿ ನಕ್ಕರು. ಸಾವ್ಕಾರರ ವಕೀಲರು ಎದ್ದು ಸ್ಟೌ ಬಗ್ಗೆ ಕೇಳಿದರು.

"ಸ್ಟೌ ಅಲ್ಲೇ ಇತ್ರಿ," ಅಂದರು ಚನ್ನವೀರಮ್ಮನವರು. "ನಾ ಹೋದಾಗ ಅದರ ಮ್ಯಾಲೇ ನನಗ ಚಾ ಮಾಡಿಕೊಟ್ಲು, ಪಾಪ, ಒಂದೇ ಕೈಲೆ. ಕುಡದು ಬಂದೆ. ಬೇಕಾರ ಅವರ ಕೇರಿ ಮಂದೀನ್ನ ಕೇಳ್ರಿ."

ಸಾಹೇಬರು ಪೆನ್ನು ಕೆಳಗಿಟ್ಟು ಆಕೆಯನ್ನೇ ನೋಡಿದರು. ಇಂಥ ದೊಡ್ಡ ಮನಸ್ಸಿನವರೂ ಇದ್ದಾರಲ್ಲ ಎನ್ನುವ ಹಾಗೆ. ಬೆಂಚಿನ ಮೇಲೆ ಕೂತಿದ್ದ ಉಚ್ಚೆಂಗೆಮ್ಮ ಯಾರೂ ಕೇಳದಿದ್ದರೂ ಎದ್ದು ನಿಂತಳು.

"ಹೌದ್ರಿ ಸಾಹೇಬ್ರ, ಖರೇನ ಕುಡುದಾರ. ಊರಿಗೇ ಗೊತ್ತೈತ್ರಿ."

ಪಾಪ, ನನಗೆ ಒಳ್ಳೆಯದಾಗಲಿ ಅಂತಲೇ ಅಂದಳು. ಉಳಿದಿಬ್ಬರೂ ಹೌದು ಹೌದು ಅಂತ ತಲೆಯಾಡಿಸಿದರು. ಮೂವರ ಮುಖದಲ್ಲೂ ಒಂದು ಹೆಮ್ಮೆ ಇತ್ತು. ಗಿರಣಿಯಲ್ಲಿ ದುಡಿದ ಅಷ್ಟು ವರ್ಷಗಳಲ್ಲಿ ಆ ಹೆಮ್ಮೆಯನ್ನು ನಾನು ಕಂಡಿರಲಿಲ್ಲ.

ಸಾಹೇಬರು ನನ್ನ ಕಡೆ ತಿರುಗಿದರು. "ನೀವೇ ಹೇಳಮ್ಮ. ಅವರಿಗೆ ಚಹಾ ಕೊಟ್ಟಿದ್ದಿರಾ? ಅವರು ಕುಡಿದರಾ?"

ಇಲ್ಲ ಅನ್ನಬೇಕಿತ್ತು. ಗಾದೆಪ್ಪನವರು ನನ್ನನ್ನೇ ನೋಡುತ್ತಿದ್ದರು. ಚನ್ನವೀರಮ್ಮನವರು ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ಇಲ್ಲ ಅಂದರೆ ಮತ್ತೆ ಯಾಕೆ ಕುಡಿಯಲಿಲ್ಲ ಅಂತ ಕೇಳುತ್ತಾರೆ. ನಮ್ಮ ಮನೆಯ ನೀರು ಆಕೆ ಮುಟ್ಟುವುದಿಲ್ಲ, ನಾವು ಇಂಥವರು, ಅಂತ ನಾನೇ ಬಾಯಿಬಿಟ್ಟು ಅಷ್ಟು ಜನರ ನಡುವೆ ಹೇಳಬೇಕು. ಆ ಮೂವರು ಹೆಂಗಸರು ಕೂತು ಕೇಳಬೇಕು.

"ಹೂಂ ರೀ. ಕುಡುದ್ರು," ಅಂದೆ.

ಸಾಹೇಬರು ಅದನ್ನು ಬರೆದುಕೊಂಡರು. ಒಲೆ ಮೇಲೆ ಮಾಡಿಕೊಟ್ಟೆ ಅನ್ನಬಹುದಿತ್ತು ಅಂತ ಹೊಳೆದದ್ದು ಆಮೇಲೆ, ಮೆಟ್ಟಿಲು ಇಳಿಯುವಾಗ. ಅಷ್ಟೊತ್ತಿಗೆ ಉಚ್ಚೆಂಗೆಮ್ಮ ಮುಂದೆ ಮುಂದೆ ನಡೆಯುತ್ತ, ಇನ್ನು ನಿನ್ನ ಕೈ ನೆಟ್ಟಗಾಗತೈತಿ ಬಿಡಕ್ಕಾ ಅನ್ನುತ್ತಿದ್ದಳು.

ಗಾದೆಪ್ಪನವರು ನನ್ನನ್ನು ಗೋಡೆಯ ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು.

"ಯಾಕವ್ವ ಹಂಗಂದಿ? ಕೇಸು ಹೋತು. ನಿನ್ನ ಕೈ ಹೋತು. ಆಕಿ ಕುಡೀಲಿಲ್ಲ ಅಂತ ನೀ ನನಗ ಹೇಳಿದ್ದಿ."

"ನೀರೂ ಮುಟ್ಟಲಿಲ್ಲ ಅಣ್ಣಾ," ಅಂದೆ. "ಅದನ್ನ ಅಲ್ಲಿ ಹೆಂಗ ಅನ್ನಲಿ?"

ಅವರು ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿಕೊಂಡರು. ಸುಟ್ಟ ದಿನದಿಂದ ನಾನು ಅತ್ತಿರಲಿಲ್ಲ, ಅವತ್ತು ಅತ್ತೆ.