ನಲವತ್ತೇಳನೆಯ ಸಾಲು

ಮೈಕಿನ ಜಾಲರಿಗೆ ಯಾರದೋ ಕೆಮ್ಮಿನ ಗುಳಿಗೆಯ ವಾಸನೆ, ಅದರಾಚೆ ಕಬ್ಬಿಣದ ಕುರ್ಚಿಗಳು, ಕುರ್ಚಿಗಳ ತುಂಬ ಮುಖಗಳು, ಮುಖ ನೋಡಬಾರದು, ಹಾಳೆ ನೋಡಿಕೊಂಡು ಓದಿಬಿಡಬೇಕು ಅಷ್ಟೇ, ಮೂವತ್ತೆಂಟು, ಮೂವತ್ತೊಂಬತ್ತು — ಮನೆಬಾಡಿಗೆಗೆ ಸರ್ಕಾರದ ಸಹಾಯಧನ ಕೇಳಿದವರ ಹೆಸರು, ವಿಳಾಸ, ಕಾರಣ, ಒಂದೊಂದನ್ನೂ ಓದಿ ಮೂರು ಎಣಿಸುವಷ್ಟು ನಿಲ್ಲಬೇಕು, ಆಕ್ಷೇಪಣೆ ಇದ್ದವರು ಕೈ ಎತ್ತಬೇಕು, ಎತ್ತಿದರೆ ಮರುವಿಚಾರಣೆ, ಮೂರು ತಿಂಗಳು ಹಣ ನಿಂತ ಹಾಗೆಯೇ, ಓದದೆ ಬಿಟ್ಟ ಹೆಸರಿಗಂತೂ ಮಂಜೂರಾತಿಯೇ ಇಲ್ಲ. ಜೋರಾಗಿ ಓದಮ್ಮ, ಗಂಟಲಲ್ಲಿ ಇಲಿ ಕೂತಿದೆಯಾ, ಎಂದರು ಯಾರೋ, ನಗು ಸಾಲಿಂದ ಸಾಲಿಗೆ ಹರಿಯಿತು, ಎರಡನೇ ಸಾಲಿನಲ್ಲಿ ಅಪ್ಪ ಮಾತ್ರ ನಗಲಿಲ್ಲ. ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದ ಬೆನ್ನು ಈಗಲೂ ಸೆಟೆದೇ ಇದೆ, ಹೀಗೆ ಎಲ್ಲರೆದುರು ಓದುವ ಪದ್ಧತಿ ಬಂದದ್ದೇ ಅವರು ಹಟ ಹಿಡಿದು ಬರೆದ ಅರ್ಜಿಗಳಿಂದ, ಯಾರಿಗೆ ಕೊಡ್ತೀರ, ಯಾಕೆ ಕೊಡ್ತೀರ, ಬಾಯಿಬಿಟ್ಟು ಹೇಳಿ, ಟಿಕೆಟ್ ಇಲ್ದೆ ಹತ್ತಿದೋರು ಯಾರು ಅಂತ ಬಸ್ಸಿಗೆಲ್ಲ ಗೊತ್ತಾಗ್ಲಿ — ನಲವತ್ತೊಂದು, ನಲವತ್ತೆರಡು, ಪದವಿ ಮುಗಿಸಿ ಇವಳಿಗೆ ಸಿಕ್ಕಿದ್ದು ಇದೊಂದು ಆರು ತಿಂಗಳ ಕೆಲಸ, ಬೆಳಿಗ್ಗೆ ಪಟ್ಟಿ ಕೈಗೆ ಬಂದಾಗ ನಲವತ್ತೇಳನೆಯ ಸಾಲಿನಲ್ಲಿ ಅಕ್ಕನ ಹೆಸರಿತ್ತು.

ಅಕ್ಕ. ಅವನ ಜೊತೆ ಹೋಗೋದಾದ್ರೆ ಈ ಬಾಗಿಲು ಮರೆತುಬಿಡು ಎಂದಿದ್ದರು ಅಪ್ಪ, ಅಕ್ಕ ನಿಜಕ್ಕೂ ಮರೆತಳು, ಮೂರು ವರ್ಷ, ಫೋನ್ ನಂಬರೂ ಬದಲಾಯಿತು, ಯಾವುದೋ ದೂರದ ಊರಿನಲ್ಲಿರಬೇಕು ಎಂದು ಇವಳು ಡೈರಿಯಲ್ಲಿ ಎಷ್ಟು ಸಲ ಬರೆದುಕೊಂಡಿದ್ದಳು, ನೋಡಿದರೆ ದರ್ಜಿಗಳ ಓಣಿ, ಎರಡನೇ ಮಹಡಿ, ದಿನಾ ಕೆಲಸಕ್ಕೆ ಬರುವ ಬಸ್ಸು ಆ ಓಣಿಯ ಬಾಯಲ್ಲೇ ನಿಲ್ಲುತ್ತದೆ, ಇವಳು ದಿನಾ ಆಚೆ ಬದಿಯ ಕಿಟಕಿಗೆ ಕೂರುತ್ತಾಳೆ — ಏ ಮೂಗಿ, ಬಾಯಿ ಬಿಡೇ, ಎಂದು ಅಕ್ಕ ಬೆನ್ನು ಚಿವುಟುತ್ತಿದ್ದಳು, ತಲೆ ಬಾಚುವಾಗ ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಬೈಯುತ್ತಿದ್ದಳು, ಈಗ ಯಾರ ತಲೆ ಬಾಚುತ್ತಾಳೆ, ಕಾರಣ ಎಂಬಲ್ಲಿ ಬರೆದಿದೆ, ಒಂಟಿ ತಾಯಿ, ಒಂದು ಮಗು, ವಯಸ್ಸು ಎರಡು. ಅವನು ಎಲ್ಲಿ ಹೋದ, ಯಾವಾಗ ಹೋದ, ಹಾಳೆಯಲ್ಲಿಲ್ಲ, ಎರಡು ವರ್ಷದ್ದು ಮಾತಾಡುತ್ತದೆ, ಚಿಕ್ಕಮ್ಮ ಅನ್ನಲು ಬಂದೀತು, ಯಾರೂ ಹೇಳಿಕೊಡದಿದ್ದರೆ ಹೇಗೆ ಅಂದೀತು, ನಲವತ್ತೈದು, ನಲವತ್ತಾರು, ಅಕ್ಕನನ್ನು ಬಲ್ಲ ಒಬ್ಬಿಬ್ಬರೂ ಇಲ್ಲಿರಬಹುದು, ಅಕ್ಕನ ಮಾನ, ಅಕ್ಕನ ಬಾಡಿಗೆ, ಎರಡೂ ಇವಳ ನಾಲಿಗೆಯ ಮೇಲೆ, ಹಾಳೆ ತಿರುಗಿಸಿಬಿಟ್ಟರೆ — ಆದರೆ ಬಾಯಿ ತೆರೆದಿತ್ತು, ಹೆಸರು ಹೊರಗೆ ಬಂದಿತ್ತು, ಎಷ್ಟು ಜೋರಾಗಿ ಎಂದರೆ ಮೈಕು ಕಿರುಚಿತು, ಓಣಿ, ಮಹಡಿ, ಒಂಟಿ ತಾಯಿ, ಒಂದು ಮಗು, ವಯಸ್ಸು ಎರಡು. ಒಂದು. ಎರಡು. ಅಪ್ಪನ ಕೈ ಮೇಲೆದ್ದಿತು.

ಬೇಡ ಅಪ್ಪ, ಬೇಡ, ಮೂರು ತಿಂಗಳು ಅವಳು ಎಲ್ಲಿರಬೇಕು, ಅಧಿಕಾರಿ ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ನಿಮ್ಮ ಆಕ್ಷೇಪಣೆ ಏನು ಸರ್, ಅಪ್ಪ ಎದ್ದು ನಿಂತರು, ಆಕ್ಷೇಪಣೆ ಅಲ್ಲ, ಎಂದರು, ಅಪ್ಪನ ಗಂಟಲಲ್ಲಿ ಇಂಥ ದನಿಯೂ ಇತ್ತೇ, ಆ ಮಗು... ಹೆಣ್ಣೋ ಗಂಡೋ, ಅದರಲ್ಲಿ ಬರೆದಿಲ್ವೇನಮ್ಮ. ಇವಳು ಹುಡುಕುತ್ತಾಳೆ, ಹೆಸರು, ವಿಳಾಸ, ಕಾರಣ, ವಯಸ್ಸು, ಅಂಥ ಅಂಕಣವೇ ಇಲ್ಲ, ಹಾಳೆಯ ಹಿಂದೆಯೂ ಇಲ್ಲ, ಕೈ ಇಳಿಸಿ ಸರ್, ಇಲ್ಲದಿದ್ರೆ ನಾನು ಆಕ್ಷೇಪಣೆ ಅಂತಲೇ ಬರ್ಕೋಬೇಕಾಗುತ್ತೆ, ಅಧಿಕಾರಿ ಹೇಳುತ್ತಲೇ ಇದ್ದಾರೆ, ಅಪ್ಪನಿಗೆ ಕೇಳಿಸುತ್ತಿಲ್ಲ, ಇವಳನ್ನೇ ನೋಡುತ್ತಿದ್ದಾರೆ, ಕೈ ಮೇಲೆಯೇ ಇದೆ, ಬೆರಳುಗಳೆಲ್ಲ ಬಿಡಿಸಿಕೊಂಡಿವೆ, ಕೈ, ಮೇಲೆಯೇ, ಆ ಕೈ —